ಏರು ಹತ್ತುತ್ತಿದ್ದ ಬೀಸುಕಲ್ಲು

ಪರದೇಶದ ಪೊಲೀಸರು ನಮ್ಮೂರಿಗೆ ಬರುವ ಮೊದಲು ನನ್ನ ಕೆಲಸ ಬಹಳ ಸರಳವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಹೋಗಿ ಏರಿನ ಬುಡದಲ್ಲಿ ನಿಲ್ಲುವುದು, ಕಳವಿನ ಸಾಮಾನೇನಾದರೂ ರಸ್ತೆ ದಾಟುತ್ತಿದ್ದರೆ ಕೈ ಎತ್ತಿ ಎತ್ತಿನಗಾಡಿ, ಸೈಕಲ್ಲು, ಟಂಟಂಗಳನ್ನು ತಡೆಯುವುದು, ಸಾಮಾನು ಆಚೆ ಮುಟ್ಟಿದ ಮೇಲೆ ಕೈ ಇಳಿಸುವುದು. ಲೋಟ, ಸೌಟು, ಕಂದೀಲಿನಂಥ ಹಗುರ ಸಾಮಾನಾದರೆ ಕೈ ಬೇಗ ಇಳಿಯುತ್ತಿತ್ತು. ಒಮ್ಮೆ ಸಾಗುವಾನಿ ಕಪಾಟೊಂದು ರಸ್ತೆ ದಾಟಲು ಹನ್ನೆರಡು ದಿನ ತೆಗೆದುಕೊಂಡಿತು. ಆಗ ನಾನು ಮತ್ತು ಕಾನ್‌ಸ್ಟೇಬಲ್ ಯಮನೂರಪ್ಪ ಪಾಳಿಯ ಮೇಲೆ ಕೈ ಎತ್ತಿ ನಿಂತೆವು.

ನಮ್ಮೂರಲ್ಲಿ ಕದ್ದ ಸಾಮಾನು ತಾನಾಗಿಯೇ ತನ್ನ ಧಣಿಯ, ಅಂದರೆ ಕಳೆದುಕೊಂಡವನ, ಮನೆಗೆ ಹೋಗುತ್ತದೆ. ತೂಕ ಎಷ್ಟೋ ಅಷ್ಟು ನಿಧಾನ. ಇಳಿಜಾರಾದರೆ ಒಂದಿಷ್ಟು ಜೋರು, ಏರಾದರೆ ಇನ್ನೂ ಮೆಲ್ಲಗೆ. ಊರು ಇರುವುದೇ ಗುಡ್ಡದ ಮೈಮೇಲೆ. ಮೇಲೆ ಮೇಲ್ಪೇಟೆ, ಕೆಳಗೆ ಕೆಳಪೇಟೆ, ನಡುವೆ ಕಲ್ಲು ಹಾಸಿದ ಒಂದು ಏರು. ಈ ಎರಡು ಪೇಟೆಗಳ ನಡುವೆ ನಾಲ್ಕು ವರ್ಷ ಲಡಾಯಿ ನಡೆದು, ಕೆಳಗಿನವರು ಮೇಲಿನವರ ಮನೆ, ಮೇಲಿನವರು ಕೆಳಗಿನವರ ಮನೆ ಲೂಟಿ ಮಾಡಿದ್ದರು. ಸಂಧಾನವಾಗಿ ಆರು ವರ್ಷವಾದರೂ ರಸ್ತೆಯ ಮೇಲೆ ಇನ್ನೂ ಹಂಡೆ, ಮಂಚ, ಹೊಲಿಗೆ ಯಂತ್ರ, ಕ್ಷೌರದ ಕುರ್ಚಿ ಎಲ್ಲವೂ ತಂತಮ್ಮ ಮನೆಯ ದಾರಿ ಹಿಡಿದು ಸಾಗುತ್ತಲೇ ಇದ್ದವು.

ಇದಕ್ಕೊಂದು ರೀತಿ ರಿವಾಜು ಇತ್ತು. ನಿಮ್ಮ ಎದುರಿಗೆ ಸಾಮಾನು ಹೊರಟಿತೆಂದರೆ ನೀವು ಕತ್ತು ಮೇಲೆತ್ತಿ ಎದುರು ಮನೆಯ ಹಂಚು ನೋಡಬೇಕು. ಅದು ಯಾರ ಮನೆಯಿಂದ ಬಂತು, ಯಾರ ಮನೆಗೆ ಹೊರಟಿತು ಎಂದು ನೋಡುವುದು ಮರ್ಯಾದಸ್ಥರ ಲಕ್ಷಣವಲ್ಲ. ಸಾಮಾನು ಮನೆ ಮುಟ್ಟಿದಾಗ ಧಣಿ ಬಾಗಿಲು ತೆಗೆದು "ಬಂತ?" ಎಂದು ಸಾಮಾನನ್ನೇ ಕೇಳಿ ಒಳಗೆ ಬಿಟ್ಟುಕೊಳ್ಳಬೇಕು. ಮರುದಿನ ಅಂಗಡಿಯಲ್ಲಿ ಒಯ್ದವನು ಎದುರಾದರೆ ಇಬ್ಬರೂ ಈ ವರ್ಷದ ಶೇಂಗಾ ಬೆಳೆಯ ಬಗ್ಗೆ ಮಾತಾಡಬೇಕು. ಹೀಗಾಗಿ ನಮ್ಮೂರಲ್ಲಿ ಯಾರೂ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ, ಯಾರೂ ಯಾರಿಗೂ ಏನೂ ಹೇಳಬೇಕಾಗಿಯೂ ಇರಲಿಲ್ಲ. ಬಹಳ ಆರಾಮಿತ್ತು. ಕತ್ತು ನೋವೊಂದನ್ನು ಬಿಟ್ಟರೆ ಯಾರಿಗೂ ಯಾವ ತೊಂದರೆಯೂ ಇರಲಿಲ್ಲ.

ಅಂಥ ಊರಿಗೆ ಬಿಳಿ ಜೀಪಿನಲ್ಲಿ ನೀಲಿ ಟೋಪಿಯವರು ಬಂದರು. ಲಡಾಯಿ ನಿಂತ ಊರುಗಳಲ್ಲಿ ಪೊಲೀಸರಿಗೆ ಪೊಲೀಸ್ ಕೆಲಸ ಕಲಿಸುವುದು ಅವರ ಕಸುಬಂತೆ. ನಮ್ಮ ಠಾಣೆಯ ಪಾಲಿಗೆ ಬಂದವರು ಹಿಲ್ದೂರ್ ಎಂಬ ಹೆಣ್ಣುಮಗಳು. ಆರಡಿ ಎತ್ತರ, ಐವತ್ತೈದು ವಯಸ್ಸು, ಸಮುದ್ರದ ನಡುವೆ ಇರುವ ಯಾವುದೋ ತಣ್ಣನೆಯ ದೇಶ. ಆ ದೇಶದ ಜನರನ್ನೆಲ್ಲ ಕೂಡಿಸಿದರೂ ನಮ್ಮ ಮಂಗಳವಾರದ ಸಂತೆಯಷ್ಟು ಆಗುವುದಿಲ್ಲವೆಂದು ಆಕೆಯೇ ಹೇಳಿದರು. ನಮ್ಮ ಭಾಷೆಯನ್ನು ಆರು ತಿಂಗಳು ಪುಸ್ತಕದಿಂದ ಕಲಿತು ಬಂದಿದ್ದರು. ಯಾವ ಕಾಲದ ಪುಸ್ತಕವೋ ದೇವರಿಗೇ ಗೊತ್ತು.

"ಶುಭೋದಯ, ತಿರುಕಪ್ಪನವರೇ," ಎಂದರು ಮೊದಲ ದಿನ ನನ್ನ ಕೈ ಹಿಡಿದು ಕುಲುಕುತ್ತ. "ನಾನು ತಮ್ಮ ಮಾರ್ಗದರ್ಶಕಿ. ತಮ್ಮ ನ್ಯೂನತೆಗಳನ್ನು ನಾವಿಬ್ಬರೂ ಕೂಡಿ ನಿವಾರಿಸೋಣ."

ನನ್ನ ಹೆಂಡತಿ ನೀಲವ್ವ ಇದನ್ನು ಕೇಳಿದವಳು ಮನೆಗೆ ಬಂದು, "ಆಕಿ ಮಾತಾಡೂದು ಕೇಳಿದ್ರ ಎದ್ದು ಊದಿನಕಡ್ಡಿ ಹಚ್ಚಬೇಕು ಅನ್ನಿಸ್ತೈತ್ರಿ," ಅಂದಳು. ಎರಡನೆಯ ವಾರಕ್ಕೆ ಊರೆಲ್ಲ ಆಕೆಯನ್ನು ಹಿಲ್ದವ್ವ ಎಂದು ಕರೆಯತೊಡಗಿತ್ತು.

ಹಿಲ್ದವ್ವ ನಮಗೆ ಟಿಪ್ಪಣಿ ಪುಸ್ತಕ ಬರೆಯುವುದು ಕಲಿಸಿದರು, ಸ್ಥಳ ಮಹಜರು ಕಲಿಸಿದರು, ಬಂದವರಿಗೆ ಮೊದಲು ಕುರ್ಚಿ ಕೊಟ್ಟು ಆಮೇಲೆ ಬೈಯುವುದನ್ನು ಕಲಿಸಿ, ಕೊನೆಗೆ ಬೈಯದೆ ಇರುವುದನ್ನೂ ಕಲಿಸಿದರು. ನಾನು ಎಲ್ಲದರಲ್ಲೂ ಮುಂದಿದ್ದೆ. ತರಬೇತಿ ಮುಗಿದ ಮೇಲೆ ಆಕೆ ಪ್ರಮಾಣಪತ್ರ ಕೊಟ್ಟ ಒಬ್ಬ ಹವಾಲ್ದಾರನಿಗೆ ಸಬ್ ಇನ್ಸ್‌ಪೆಕ್ಟರ್ ಹುದ್ದೆ ಎಂದು ಆದೇಶ ಬಂದಿತ್ತು. ಹದಿನೆಂಟು ವರ್ಷ ಹವಾಲ್ದಾರಿಕೆ ಮಾಡಿದ ನನಗೆ ಆ ಚುಕ್ಕಿ ಎಷ್ಟು ಬೇಕಾಗಿತ್ತೆಂದರೆ, ಅಂಗಿಯ ಹೆಗಲ ಪಟ್ಟಿಯ ಮೇಲೆ ಅದು ಕೂರುವ ಜಾಗವನ್ನು ದಿನಾ ಬೆಳಿಗ್ಗೆ ಉಗುರಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದೆ. ನೀಲವ್ವ ತವರಿಗೆ ಕಾಗದ ಹಾಕಿ ಆಗಲೇ ಸುದ್ದಿ ಮುಟ್ಟಿಸಿದ್ದಳು.

ಈಗ ನನ್ನ ಕಲ್ಲಿನ ವಿಷಯ ಹೇಳಬೇಕು. ಮುಚ್ಚಿಟ್ಟು ಪ್ರಯೋಜನವಿಲ್ಲ, ಊರಿಗೆಲ್ಲ ಗೊತ್ತಿದ್ದದ್ದೇ. ಲಡಾಯಿಯ ಕೊನೆಯ ವರ್ಷ ಒಂದು ದಿನ ಕೆಳಪೇಟೆಯವರೆಲ್ಲ ಏರು ಹತ್ತಿ ಮೇಲ್ಪೇಟೆಗೆ ನುಗ್ಗಿದರು. ನಾನೂ ಹೋದೆ. ಹೋಗಬಾರದಿತ್ತು, ಹೋದೆ. ಅದರಲ್ಲೂ ತಡವಾಗಿ ಹೋದೆ, ಏಕೆಂದರೆ ಚಪ್ಪಲಿಯ ಉಂಗುಟ ಕಿತ್ತುಹೋಗಿ ದಾರಿಯಲ್ಲಿ ಹೊಲಿಸಿಕೊಳ್ಳಲು ಕುಳಿತಿದ್ದೆ. ನಾನು ಅಲ್ಲಿ ತುಂಗಕ್ಕ ಎಂಬ ಹೆಂಗಸಿನ ಮನೆ ಮುಟ್ಟುವ ಹೊತ್ತಿಗೆ ಜನ ಗೂಟಕ್ಕೆ ಸಿಕ್ಕಿಸಿದ ಕ್ಯಾಲೆಂಡರನ್ನೂ ಬಿಡದೆ ಒಯ್ದಿದ್ದರು. ಉಳಿದದ್ದು ಮೂಲೆಯಲ್ಲಿ ಒಂದು ಬೀಸುಕಲ್ಲು, ಮೇಲ್ಗಲ್ಲು ಕೆಳಗಲ್ಲು ಸಮೇತ. ಬರಿಗೈಯಲ್ಲಿ ವಾಪಸು ಹೋದರೆ ನಮ್ಮ ಓಣಿಯವರು ಏನಂದಾರು ಎಂಬ ಒಂದೇ ಯೋಚನೆಯಿಂದ, ಎರಡು ಖೇಪು ಹಾಕಿ ಅದನ್ನು ಮನೆಗೆ ತಂದೆ. ಬೆನ್ನು ಮುರಿದುಹೋಯಿತು.

ನೀಲವ್ವ ನೋಡಿ, "ಅಲ್ರೀ, ಬೀಸೂಕಲ್ಲು ನಮ್ಮನ್ಯಾಗೂ ಒಂದೈತಲ್ಲ, ಇದನ್ಯಾಕ ತಂದ್ರಿ?" ಅಂದಳು.

ನಾನು ಉತ್ತರ ಹುಡುಕುತ್ತಿರುವಾಗಲೇ ಕಲ್ಲು ಬಾಗಿಲ ಕಡೆಗೆ ಒಂದು ಬೆರಳಷ್ಟು ಸರಿದಿತ್ತು. ಒಂದು ಹಿಡಿ ಜೋಳವನ್ನೂ ನಾವು ಅದರಲ್ಲಿ ಬೀಸಲಿಲ್ಲ. ಮೇಲ್ಗಲ್ಲು ಹಗುರ, ಎರಡನೆಯ ವರ್ಷಕ್ಕೇ ತುಂಗಕ್ಕನ ಮನೆ ಸೇರಿತು. ಕೆಳಗಲ್ಲು ಮಾತ್ರ ನಮ್ಮ ಹೊಸ್ತಿಲು ಹತ್ತಿ ಇಳಿಯುವುದಕ್ಕೇ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಮನೆಗೆ ಬಂದ ಬೀಗರೂ ಕಲ್ಲು ಜಿಗಿದು, ಮೇಲೆ ಜಂತಿ ನೋಡುತ್ತ ಒಳಗೆ ಬರುತ್ತಿದ್ದರು. ಆಮೇಲೆ ಓಣಿ, ಆಮೇಲೆ ಏರು. ಹಿಲ್ದವ್ವ ಬಂದ ವರ್ಷ ಅದು ಏರಿನ ನೆತ್ತಿ ಮುಟ್ಟಿ, ತುಂಗಕ್ಕನ ಮನೆಗೆ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಇನ್ನೊಂದೆರಡು ತಿಂಗಳಲ್ಲಿ ಮುಟ್ಟಿಬಿಟ್ಟರೆ ನಾನೂ ಊರಿನ ಉಳಿದವರ ಹಾಗೆ ನಿರಾಳನಾಗುವವನಿದ್ದೆ.

ಕಷ್ಟ ಶುರುವಾದದ್ದು ಒಂದು ತಾಮ್ರದ ಹಂಡೆಯಿಂದ. ಹಿಲ್ದವ್ವ ನನ್ನ ಜೊತೆ ಗಸ್ತು ಬಂದಿದ್ದಾಗ ಅದು ಗುರುಲಿಂಗ ಮಾಸ್ತರರ ಬಾಗಿಲಿಂದ ಹೊರಬಿದ್ದು ಏರಿನ ಕಡೆ ಹೊರಟಿತ್ತು. ನಾನು ರೂಢಿಯಂತೆ ಕೈ ಎತ್ತಿ ಹಂಚು ನೋಡಿದೆ. ಹಿಲ್ದವ್ವ ಹಂಚು ನೋಡಲಿಲ್ಲ. ಹಂಡೆ ನೋಡಿದರು, ಅದರ ಹಿಂದೆ ನೆಲದ ಮೇಲೆ ಬಿದ್ದಿದ್ದ ಗೀರು ನೋಡಿದರು, ಗೀರಿನ ಆ ತುದಿಯಲ್ಲಿ ನಿಂತಿದ್ದ ಮಾಸ್ತರರನ್ನು ನೋಡಿದರು. ಹಂಡೆ ತಾನಾಗಿ ನಡೆಯುತ್ತದೆ ಎಂಬುದಕ್ಕೆ ಆಕೆಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಅವರ ದೇಶದಲ್ಲಿ ಬೆಟ್ಟಗಳೇ ಬೆಂಕಿ ಕಾರುತ್ತವಂತೆ.

"ಈ ವಸ್ತುವಿನ ಬಗ್ಗೆ ದೂರು ನೀಡಿದವರಾರು?" ಎಂದು ಕೇಳಿದರು.

"ಯಾರೂ ಇಲ್ರೀ ಮೇಡಂ."

"ಮಾನ್ಯರೇ," ಎಂದು ಆಕೆ ಮಾಸ್ತರರ ಕಡೆ ತಿರುಗಿದರು, "ಈ ಹಂಡೆ ತಮ್ಮ ಮನೆಯಿಂದ ಹೊರಟಿತೇ?"

"ಯಾವ ಹಂಡೆ?" ಅಂದರು ಮಾಸ್ತರರು, ಮೋಡ ನೋಡುತ್ತ. ಹಂಡೆ ಅವರ ಪಂಚೆಯ ಚುಂಗು ಎಳೆದುಕೊಂಡೇ ಹೊರಟಿತ್ತು.

ಅಂದೇ ಮಧ್ಯಾಹ್ನ ಆಜ್ಞೆಯಾಯಿತು. ದೂರಿಲ್ಲದೆ, ದಾಖಲೆಯಿಲ್ಲದೆ ಕಳವಿನ ಮಾಲು ರಸ್ತೆಯ ಮೇಲೆ ಓಡಾಡುವುದು ಕಾನೂನಿಗೆ ಸಮ್ಮತವಲ್ಲ. ಎಲ್ಲವನ್ನೂ ಜಪ್ತಿ ಮಾಡಿ ಚೀಟಿ ಅಂಟಿಸಿ ಮುದ್ದೆಮಾಲು ಕೋಣೆಯಲ್ಲಿ ಬೀಗ ಹಾಕಿಡತಕ್ಕದ್ದು. ಒಂದು ನಮೂನೆಯನ್ನೂ ಅಚ್ಚು ಹಾಕಿಸಿದರು. ಅದರಲ್ಲಿ ಎರಡು ಗೆರೆ. ಮೇಲಿನದು "ಕಳೆದುಕೊಂಡವರು", ಕೆಳಗಿನದು "ತೆಗೆದುಕೊಂಡವರು". ಎರಡರ ಮೇಲೂ ಸಹಿ ಬಿದ್ದರೆ ಮಾತ್ರ ಸಾಮಾನು ಬಿಡುಗಡೆ. ತೆಗೆದುಕೊಂಡವರಿಗೆ ಜೈಲಿಲ್ಲ, ಸಂಧಾನದಲ್ಲಿ ಎಲ್ಲರಿಗೂ ಮಾಫಿ ಆಗಿತ್ತು. ಆದರೆ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಮಾತಿತ್ತು: ಕೆಳಗಿನ ಗೆರೆಯಲ್ಲಿ ಹೆಸರಿರುವ ಪೊಲೀಸನಿಗೆ ಬಡ್ತಿ ಸಿಗತಕ್ಕದ್ದಲ್ಲ. ನಾನು ಆ ಸಣ್ಣ ಅಕ್ಷರವನ್ನು ಎಲ್ಲರಿಗಿಂತ ಮೊದಲು ಓದಿದೆ.

ನಮ್ಮ ಇನ್ಸ್‌ಪೆಕ್ಟರ್ ಅಡಿವೆಪ್ಪನವರು ಯಾವುದಕ್ಕೂ ಇಲ್ಲವೆನ್ನುವವರಲ್ಲ. ಠಾಣೆಗೆ ಹೊಸ ಜೀಪು ಬರುವುದಿತ್ತು. ಒಂದೇ ವಾರದಲ್ಲಿ ನಲವತ್ತೊಂದು ಸಾಮಾನು ಕೋಣೆ ಸೇರಿದವು. ಮೇಲ್ಪೇಟೆಗೆ ಹೊರಟವೆಲ್ಲ ಮೇಲಿನ ಗೋಡೆಗೆ, ಕೆಳಪೇಟೆಗೆ ಹೊರಟವೆಲ್ಲ ಕೆಳಗಿನ ಗೋಡೆಗೆ ಒತ್ತಿಕೊಂಡು ನಿಂತವು. ಯಮನೂರಪ್ಪ ಕಸ ಗುಡಿಸಲೆಂದು ಒಳಗೆ ಹೋದವನು ಎರಡು ಮಂಚಗಳ ನಡುವೆ ಸಿಕ್ಕಿಕೊಂಡು ಒಂದು ತಾಸು ಕೂಗಿದ. ಊರವರು ಒಬ್ಬರೂ ಬಂದು ತಕರಾರು ಮಾಡಲಿಲ್ಲ. ಬಂದು ಕೇಳಿದರೆ ಯಾರದೋ ಕಡೆ ಬೆರಳು ತೋರಿಸಿದಂತಲ್ಲವೇ? ಸುಮ್ಮನೆ ಗುಂಪು ಗುಂಪಾಗಿ ಠಾಣೆಯ ಮುಂದೆ ನಿಂತು ನಮ್ಮ ಹಂಚು ನೋಡಿ ಹೋಗುತ್ತಿದ್ದರು.

ಹಿಲ್ದವ್ವ ನನ್ನ ಕೈಗೆ ಒಂದು ಡಬ್ಬಿ ಸೀಮೆಸುಣ್ಣ ಕೊಟ್ಟರು. ಪ್ರತಿ ಸಾಮಾನೂ ನೆಲದ ಮೇಲೆ ಗೀರು ಬಿಟ್ಟಿದೆ, ಗೀರಿನ ಗುಂಟ ಹಿಂದಕ್ಕೆ ಗೆರೆ ಎಳೆದುಕೊಂಡು ಹೋದರೆ ತೆಗೆದುಕೊಂಡವರ ಬಾಗಿಲು ಸಿಗುತ್ತದೆ ಎಂದರು. ಬಹಳ ಒಳ್ಳೆಯ ಉಪಾಯ. ನಾನು ಸುಣ್ಣ ಹಿಡಿದು ಹೊರಟೆ. ಮೊದಲನೆಯ ಗೆರೆ ನನ್ನ ಷಡ್ಡಕನ ಬಾಗಿಲಿಗೆ ಹೊರಟಿತು, ತಿರುಗಿಸಿದೆ. ಎರಡನೆಯದು ಕಿರಾಣಿ ಅಂಗಡಿಯ ಬಾಗಿಲಿಗೆ, ತಿರುಗಿಸಿದೆ. ತಿರುಗಿಸಿದ ಗೆರೆ ಎಲ್ಲಿಗಾದರೂ ಮುಟ್ಟಲೇಬೇಕಲ್ಲ! ಕೆಳಪೇಟೆಯ ತುದಿಗೆ ಪರಸಪ್ಪ ಎಂಬ ಬಟ್ಟೆ ವ್ಯಾಪಾರಿಯ ಹಾಳು ಮನೆಯಿತ್ತು. ಅವನು ಊರು ಬಿಟ್ಟು ಹೋಗಿ ಮನೆಯೊಳಗೆ ಈಗ ಆಡು ಕಟ್ಟುತ್ತಿದ್ದರು. ನಾಲ್ಕು ದಿನಗಳಲ್ಲಿ ನಲವತ್ತೊಂದು ಗೆರೆಗಳೂ ಪರಸಪ್ಪನ ಬಾಗಿಲಿಗೆ ಮುಟ್ಟಿದವು. ಓಣಿಯ ಕಲ್ಲುಹಾಸೆಲ್ಲ ಬೆಳ್ಳಗಾಯಿತು.

ಹಿಲ್ದವ್ವ ನನ್ನ ವರದಿಯನ್ನು ಎರಡು ಸಲ ಓದಿದರು.

"ಈ ಪರಸಪ್ಪನವರು ಒಂದೇ ದಿನ ಮೂರು ತೊಟ್ಟಿಲುಗಳನ್ನು ಒಯ್ದರೇ?"

"ಹೌದ್ರೀ."

"ಅವರಿಗೆ ಮಕ್ಕಳೆಷ್ಟು?"

"ಲಗ್ನ ಆಗಿರಲಿಲ್ರೀ."

"ಸಾಗುವಾನಿ ಕಪಾಟನ್ನೂ ಅವರೊಬ್ಬರೇ ಹೊತ್ತರೇ? ಅವರ ದೇಹದಾರ್ಢ್ಯ ಹೇಗಿತ್ತು?"

"ಸಣ್ಣ ಆಳ್ರೀ. ಆದ್ರ ಭಾಳ ಸಿಟ್ಟಿನ ಮನಶ್ಯಾ."

ಆಕೆ ಟಿಪ್ಪಣಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆ ಸಂಜೆ ನಮ್ಮ ಮನೆಗೆ ಚಹಾಕ್ಕೆ ಬಂದಿದ್ದಾಗ, ಒಳಗೆ ಕಾಲಿಡುವ ಮುಂಚೆ ಹೊಸ್ತಿಲ ನಡುವೆ ಕಲ್ಲು ಸವೆಸಿದ ಅಂಗೈಯಗಲದ ತಗ್ಗಿನ ಮುಂದೆ ನಿಂತರು. ಮತ್ತೆ ಪುಸ್ತಕ ತೆಗೆದು ಬರೆದುಕೊಂಡರು. ನೀಲವ್ವ ಕೊಟ್ಟ ಮೆಣಸಿನಕಾಯಿ ಭಜಿ ತಿಂದು ಕಣ್ಣೀರು ಸುರಿಸುತ್ತ, "ಅತ್ಯಂತ ರುಚಿಕರವಾಗಿದೆ," ಅಂದರು. ಹೋಗುವಾಗ ನನಗೆ, "ಕಲಿಸುವುದು ನನ್ನ ಕರ್ತವ್ಯ, ತಿರುಕಪ್ಪನವರೇ. ಮಾಡುವುದು ತಮ್ಮದು," ಎಂದರು.

ಮರುದಿನ ನಾನು ಠಾಣೆಗೆ ಹೋಗುವಷ್ಟರಲ್ಲಿ ಯಮನೂರಪ್ಪ ಕೈಗಾಡಿ ತಳ್ಳಿಕೊಂಡು ಬಂದ. ಗಾಡಿಯಲ್ಲಿ ಬೀಸುಕಲ್ಲಿನ ಕೆಳಗಲ್ಲು.

"ಸಾಹೇಬ್ರ, ಮೇಡಂ ತರಾಕ ಹೇಳಿದ್ರು. ನಿಮ್ಮ ಕಲ್ಲ..."

"ಯಾರ ಕಲ್ಲೋ?"

"ಅಲ್ರೀ, ಯಾರದೋ ಕಲ್ಲ," ಎಂದು ಅವನು ಮೋಟುಗೋಡೆಯ ಮೇಲಿನ ಕಾಗೆ ನೋಡಿದ.

ಕಲ್ಲಿಗೆ ನಲವತ್ತೆರಡು ಎಂದು ಚೀಟಿ ಅಂಟಿಸಿ ಒಳಗಿಟ್ಟೆವು. ಅರ್ಧ ತಾಸಿನಲ್ಲಿ ತುಂಗಕ್ಕ ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಅರವತ್ತೈದರ ಹೆಂಗಸು, ಗಂಡ ಇಲ್ಲ, ಮಕ್ಕಳಿಲ್ಲ, ಬಗಲಲ್ಲಿ ಒಂದು ಚೀಲ ಜೋಳ. ಠಾಣೆ ಕಟ್ಟಿದಂದಿನಿಂದ ಇಂದಿನವರೆಗೆ ತನ್ನ ಸಾಮಾನು ಕೇಳಿಕೊಂಡು ಬಂದವರಲ್ಲಿ ಆಕೆಯೇ ಮೊದಲನೆಯವಳು. ಇನ್ಸ್‌ಪೆಕ್ಟರ್ ಅಡಿವೆಪ್ಪನವರು ಗಾಬರಿಯಲ್ಲಿ ಎದ್ದು ನಿಂತರು.

"ಮೂವತ್ತು ಹೆಜ್ಜಿ ಇತ್ರೀ," ಅಂದಳು ತುಂಗಕ್ಕ. "ದಿನಾ ಬಾಗಲದಾಗ ಕುಂತು ನೋಡತಿದ್ದೆ. ಇವತ್ತ ನೋಡತೀನಿ, ಕಲ್ಲೇ ಇಲ್ಲ. ನನ್ನ ಕಲ್ಲ ನನಗ ಕೊಡ್ರಿ."

ಹಿಲ್ದವ್ವನಿಗೆ ಆದ ಸಂತೋಷ ಹೇಳತೀರದು. ತಾವೇ ಕುರ್ಚಿ ಎಳೆದು ಕೊಟ್ಟರು. ನಮೂನೆ ತಂದು ಮೇಲಿನ ಗೆರೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ಕೆಳಗಿನ ಗೆರೆಯ ಮೇಲೆ ಪೆನ್ನಿಟ್ಟು, "ತಾಯಿ, ತೆಗೆದುಕೊಂಡವರಾರು?" ಎಂದರು.

ನಾನು ಆಕೆಯ ಎದುರಿಗೇ ನಿಂತಿದ್ದೆ. ತುಂಗಕ್ಕ ಒಮ್ಮೆ ನನ್ನ ಮುಖ ನೋಡಿ, ಕತ್ತು ಮೇಲೆತ್ತಿ ಠಾಣೆಯ ಜಂತಿ ನೋಡತೊಡಗಿದಳು.

"ನನಗೇನ್ ಗೊತ್ರೀ. ಆ ಗೆರಿ ಖಾಲಿ ಇರಲಿ."

"ಗೆರೆ ತುಂಬದೆ ಕಲ್ಲನ್ನು ಕೊಡಲಾಗದು."

"ಹಂಗಾರ ನಾ ಇಲ್ಲೇ ಕುಂದರತೀನಿ," ಎಂದು ತುಂಗಕ್ಕ ಕುರ್ಚಿ ಬಿಟ್ಟು ಬೆಂಚಿನ ಮೇಲೆ ಜೋಳದ ಚೀಲ ಇಟ್ಟುಕೊಂಡು ಕುಳಿತಳು.

ಅಡಿವೆಪ್ಪನವರು ಆಕೆಯ ಪಕ್ಕ ಹೋಗಿ ಮೆತ್ತಗೆ, "ಯವ್ವಾ, ಪರಸಪ್ಪ ಅಂತ ಬರಸಿಬಿಡು, ಮುಗದು ಹೋಗ್ತೈತಿ. ನಲವತ್ತೊಂದು ಸಾಮಾನು ಅಂವನೇ ಒಯ್ದಾನ," ಅಂದರು.

"ಪರಸಪ್ಪ?" ತುಂಗಕ್ಕನ ದನಿ ಏರಿತು. "ಅಂವ ಲಡಾಯಿ ಸುರು ಆಗೂಕಿಂತ ಮೊದಲೇ ಊರು ಬಿಟ್ಟು ಹೋಗ್ಯಾನಲ್ರೀ. ಪಾಪ, ದೂರದಾಗ ಎಲ್ಲೋ ಅರಿವಿ ಮಾರಿಕೊಂಡು ಆರಾಮ ಅದಾನಂತ. ಅಂವನ ಹೆಸರ್ಯಾಕ ಕೆಡಸ್ತೀರಿ?"

ಹಿಲ್ದವ್ವ ನನ್ನ ವರದಿಯನ್ನು ಕಪಾಟಿನಿಂದ ತೆಗೆದು, ಅಳತೆಪಟ್ಟಿ ಇಟ್ಟು, ನಲವತ್ತೊಂದು ಸಾಲುಗಳನ್ನೂ ಒಂದೊಂದಾಗಿ ಹೊಡೆದುಹಾಕಿದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಬಾರದೆಂದು ಅವರೇ ಕಲಿಸಿದ್ದರು.

ಅವತ್ತಿನಿಂದ ತುಂಗಕ್ಕ ದಿನಾ ಬೆಳಿಗ್ಗೆ ನಾವು ಬಾಗಿಲು ತೆರೆಯುವಾಗ ಬರುತ್ತಿದ್ದಳು, ಮುಚ್ಚುವಾಗ ಹೋಗುತ್ತಿದ್ದಳು. ಜೋಳದ ಚೀಲ ಜೊತೆಗೇ. ಕೋಣೆಯೊಳಗೆ ಕಲ್ಲು ಗೋಡೆಗೆ ಒತ್ತಿ ಗರ್ ಗರ್ ಅನ್ನುತ್ತಿತ್ತು, ಹೊರಗೆ ಈಕೆ ಕೂತಿರುತ್ತಿದ್ದಳು, ನಡುವೆ ನನ್ನ ಮೇಜು. ಕೇಳಲಿಲ್ಲ, ಬೈಯಲಿಲ್ಲ, ಶಪಿಸಲಿಲ್ಲ. ಯಮನೂರಪ್ಪ ಚಹಾ ಕೊಟ್ಟರೆ ಕುಡಿದು, "ಸಕ್ಕರಿ ಕಡಿಮಿ ಆಗೇತಿ," ಅನ್ನುತ್ತಿದ್ದಳು. ನಾನು ತಲೆಯೆತ್ತಿದಾಗೆಲ್ಲ ಜಂತಿ ನೋಡುತ್ತಿದ್ದಳು. ನನಗೆ ನನ್ನ ಮೇಜಿನಲ್ಲಿ ಕೂರುವುದು ಅಸಾಧ್ಯವಾಗಿ, ಇಲ್ಲದ ಗಸ್ತಿಗೆ ಹೋಗಿ ಬರುತ್ತಿದ್ದೆ. ಶನಿವಾರ ಪ್ರಮಾಣಪತ್ರದ ಸಮಾರಂಭ ಎಂದು ನಿಗದಿಯಾಗಿತ್ತು. ಸುಳ್ಳು ಗೆರೆಗಳ ಬಗ್ಗೆ ಹಿಲ್ದವ್ವ ಮೇಲಿನವರಿಗೆ ಇನ್ನೂ ಏನೂ ಬರೆದಿರಲಿಲ್ಲ, ಪಟ್ಟಿಯಲ್ಲಿ ನನ್ನ ಹೆಸರು ಹಾಗೇ ಇತ್ತು. ಶನಿವಾರದವರೆಗೆ ಮುಖ ಗಟ್ಟಿ ಮಾಡಿಕೊಂಡಿದ್ದರೆ ಸಾಕಿತ್ತು.

ಮೂರನೆಯ ದಿನ ನೋಡುತ್ತೇನೆ, ನೀಲವ್ವ ಬುತ್ತಿ ಹಿಡಿದು ಬಂದು ಬೆಂಚಿನ ಮೇಲೆ ತುಂಗಕ್ಕನ ಪಕ್ಕ ಕೂತಿದ್ದಾಳೆ. ರೊಟ್ಟಿ, ಪುಂಡಿ ಪಲ್ಯ. ಇಬ್ಬರೂ ಈ ವರ್ಷದ ಶೇಂಗಾದ ಬಗ್ಗೆ ಮಾತಾಡುತ್ತಿದ್ದರು.

ಶುಕ್ರವಾರ ಸಂಜೆ ನೀಲವ್ವ ನನ್ನ ಅಂಗಿಗೆ ಇಸ್ತ್ರಿ ಹಾಕುತ್ತ ಹೇಳಿದಳು: "ನನಗ ಚುಕ್ಕಿ ಬ್ಯಾಡ ಅಂತಿಲ್ರೀ. ಬೇಕು. ತವರಮನಿಗೆ ಕಾಗದ ಬ್ಯಾರೆ ಹಾಕೀನಿ. ಆದ್ರ ಆಕಿಗೆ ರೊಟ್ಟಿ ಕೊಡುವಾಗ ನಾನೂ ಮ್ಯಾಲ ನೋಡಕೋಂತ ಕೊಡಬೇಕಾಗ್ತೈತಿ. ಇವತ್ತ ಪಲ್ಯ ಆಕಿ ಸೀರಿ ಮ್ಯಾಲ ಬಿತ್ತು."

ಅವಳು ಇಸ್ತ್ರಿಯನ್ನು ಹೆಗಲ ಪಟ್ಟಿಯ ಮೇಲೆ, ಚುಕ್ಕಿ ಕೂರುವ ಜಾಗದ ಮೇಲೆ ಬಹಳ ಹೊತ್ತು ಆಡಿಸಿದಳು.

ಶನಿವಾರ ಠಾಣೆಯ ಮುಂದೆ ಶಾಮಿಯಾನ ಹಾಕಿದ್ದರು. ನೀಲಿ ಟೋಪಿಯ ದೊಡ್ಡ ಸಾಹೇಬರು ಬಂದಿದ್ದರು, ಎರಡೂ ಪೇಟೆಯ ಹಿರಿಯರು ಬಂದಿದ್ದರು. ಬೆಂಚು ಬೇಕೆಂದು ಅಡಿವೆಪ್ಪನವರು ತುಂಗಕ್ಕನನ್ನು ಎಬ್ಬಿಸಲು ನೋಡಿದರು, ಆಕೆ ಏಳಲಿಲ್ಲ. ಹೀಗಾಗಿ ಬೆಂಚನ್ನು ಆಕೆಯ ಸಮೇತ ಎತ್ತಿ ಮೊದಲ ಸಾಲಿಗೆ ತಂದಿಟ್ಟರು. ದೊಡ್ಡ ಸಾಹೇಬರು ಆಕೆಯನ್ನು ಗಣ್ಯರೆಂದು ತಿಳಿದು ಹಾರ ಹಾಕಿದರು. ತುಂಗಕ್ಕ ಹಾರವನ್ನು ಜೋಳದ ಚೀಲದ ಮೇಲಿಟ್ಟುಕೊಂಡು ಕುಳಿತಳು.

ಮೊದಲು ಭಾಷಣವಾಯಿತು, ಆಮೇಲೆ ಹಿಲ್ದವ್ವ ನನ್ನ ಹೆಸರು ಕರೆದರು. ನಾನು ವೇದಿಕೆಗೆ ಹೋಗಲು ಎದ್ದೆ. ಎದ್ದಾಗ ತುಂಗಕ್ಕನ ಮುಂದೆಯೇ ಹಾದುಹೋಗಬೇಕು. ಇಷ್ಟು ದಿನ ಜಂತಿ ನೋಡುತ್ತಿದ್ದವಳು ಅವತ್ತು ಮೇಲೆ ನೋಡಿದರೆ ಶಾಮಿಯಾನದ ಬಟ್ಟೆ ಬಿಟ್ಟು ಏನೂ ಇರಲಿಲ್ಲ. ಆಕೆಗೂ ಸಾಕಾಗಿತ್ತೇನೋ. ಕತ್ತು ಇಳಿಸಿ ನೆಟ್ಟಗೆ ನನ್ನ ಮುಖ ನೋಡಿದಳು. ಸಿಟ್ಟಿನ ನೋಟವಲ್ಲ. ಊರ ಬಸ್ಸು ಬಂತೇ ಎಂದು ನೋಡುತ್ತಾರಲ್ಲ, ಹಾಗೆ ನೋಡಿದಳು. ಆರು ವರ್ಷ ನಾನು ಹಂಚುಗಳನ್ನು ನೋಡಿದ್ದೆನೇ ಹೊರತು ಈ ಮುಖವನ್ನು ನೋಡಿರಲಿಲ್ಲ. ನಾಚಿಕೆಯಾಯಿತು.

ನಾನು ತಿರುಗಿ ಠಾಣೆಯೊಳಗೆ ಹೋದೆ. ನಲವತ್ತೆರಡನೆಯ ನಮೂನೆ ತೆಗೆದು ಕೆಳಗಿನ ಗೆರೆಯ ಮೇಲೆ ನನ್ನ ಹೆಸರು ಬರೆದು ಸಹಿ ಹಾಕಿದೆ. ಹೊರಗೆ ತಂದು, ದೊಡ್ಡ ಸಾಹೇಬರು ಚುಕ್ಕಿ ಹಿಡಿದು ನಿಂತಿದ್ದ ಹಾಗೆಯೇ, ಅದನ್ನು ಹಿಲ್ದವ್ವನ ಕೈಗೆ ಕೊಟ್ಟೆ.

"ಏ ತಿರುಕಪ್ಪಾ, ತಲಿ ಕೆಟ್ಟೈತೇನು?" ಎಂದು ಅಡಿವೆಪ್ಪನವರು ಹಲ್ಲು ಕಡಿದರು. ಅವರ ಗಾಬರಿಗೂ ಕಾರಣವಿತ್ತು. ಅವರ ಪಡಸಾಲೆಯಿಂದ ಮೇಲ್ಪೇಟೆಯ ಒಂದು ತೂಗುಮಂಚ ಆಗಲೇ ಅಂಗಳಕ್ಕಿಳಿದಿತ್ತು.

ಹಿಲ್ದವ್ವ ನಮೂನೆಯನ್ನು ಓದಿದರು. ಕೆಳಗಿನ ಸಣ್ಣ ಅಕ್ಷರವನ್ನೂ ಓದಿದರು. ಆಮೇಲೆ ಧ್ವನಿವರ್ಧಕದಲ್ಲಿಯೇ ಹೇಳಿದರು: "ತಿರುಕಪ್ಪನವರೇ, ನಾನು ಈವರೆಗೆ ಕಲಿಸಿದವರಲ್ಲಿ ತಾವು ಅತ್ಯುತ್ತಮರು. ನಿಯಮಾನುಸಾರ ತಮಗೆ ಬಡ್ತಿಯಿಲ್ಲ." ಅವರ ಕಣ್ಣಲ್ಲಿ ನೀರಿತ್ತು, ಈ ಸಲ ಭಜಿ ತಿಂದಿರಲಿಲ್ಲ. ಚುಕ್ಕಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದರು. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಉರಿಯಿತು.

ನಮೂನೆಯ ಪ್ರಕಾರ ಸಾಮಾನನ್ನು ತೆಗೆದುಕೊಂಡವರೇ ಮುಟ್ಟಿಸಬೇಕು. ಯಮನೂರಪ್ಪ ಒಂದು ಕಡೆ ಹಿಡಿದು ಕಲ್ಲನ್ನು ನನ್ನ ಹೆಗಲಿಗೆ ಏರಿಸಿದ. ತುಂಗಕ್ಕ ಜೋಳದ ಚೀಲ ಬಗಲಲ್ಲಿಟ್ಟುಕೊಂಡು ಮುಂದೆ ನಡೆದಳು. ಕಲ್ಲು ಅಷ್ಟು ದಿನ ಕೋಣೆಯಲ್ಲಿ ಕೂತು ರೋಸಿಹೋಗಿತ್ತೆಂದು ಕಾಣುತ್ತದೆ, ನನ್ನನ್ನು ಎಳೆದುಕೊಂಡೇ ಹೊರಟಿತು. ಉಸಿರಾಡಲೆಂದು ಚಹಾದಂಗಡಿಯ ಕಡೆ ಒಂಚೂರು ತಿರುಗಿದರೆ ಎರಡರಷ್ಟು ಭಾರವಾಗಿ ಕುತ್ತಿಗೆ ಅದುಮುತ್ತಿತ್ತು. ಮತ್ತೆ ಏರಿನ ಕಡೆ ಮುಖ ಮಾಡಿದರೆ ಹಗುರ.

ಓಣಿಯವರೆಲ್ಲ ಬಾಗಿಲಿಗೆ ಬಂದರು. ಸಾಮಾನು ಹೊರಟರೆ ಹಂಚು ನೋಡಬೇಕೆಂದು ಎಲ್ಲರಿಗೂ ಗೊತ್ತು. ಸಾಮಾನಿನ ಕೆಳಗೆ ಒಬ್ಬ ಮನುಷ್ಯನೂ ಇದ್ದರೆ ಏನು ನೋಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಕೆಲವರು ಹಂಚು ನೋಡಿದರು, ಕೆಲವರು ತಮ್ಮ ಕಾಲು ನೋಡಿಕೊಂಡರು. ಗುರುಲಿಂಗ ಮಾಸ್ತರರೊಬ್ಬರೇ ನನ್ನನ್ನು ನೋಡಿ, "ನೀರು ಬೇಕೇನೋ ತಿರುಕಪ್ಪ?" ಎಂದು ತಂಬಿಗೆ ತಂದರು. ನಾನು ಕುಡಿಯುವಾಗ ಅವರು ಕಲ್ಲಿನ ಇನ್ನೊಂದು ಅಂಚಿಗೆ ಕೈಕೊಟ್ಟು, "ನಮ್ಮ ಹಂಡೆ ಎಷ್ಟನೇ ನಂಬರಿನ ಚೀಟಿ?" ಎಂದು ಪಿಸುಗುಟ್ಟಿದರು.

ತುಂಗಕ್ಕನ ಮನೆ ಮುಟ್ಟಿದಾಗ ನಾನು ಬಾಗಿಲಲ್ಲೇ ನಿಂತು ಕೇಳಿದೆ:

"ಎಲ್ಲಿ ಇಡಲಿ ಅಕ್ಕಾ?"

"ಎಲ್ಲಿಂದ ಎತ್ತಿದ್ದಿ, ಅಲ್ಲೇ ಇಡು."

ಕೇಳಬೇಕಾಗಿಯೇ ಇರಲಿಲ್ಲ. ಮೂಲೆಯಲ್ಲಿ ನೆಲದ ಮೇಲೆ ಕಲ್ಲಿನಷ್ಟೇ ಅಗಲದ ಒಂದು ದುಂಡನೆಯ ಗುರುತಿತ್ತು, ಸಾರಿಸುವಾಗ ಆಕೆ ಅದನ್ನಷ್ಟು ಬಿಟ್ಟೇ ಸಾರಿಸಿದ್ದಳು. ಪಕ್ಕದಲ್ಲಿ ಮೇಲ್ಗಲ್ಲು ಒಬ್ಬಂಟಿಯಾಗಿ ಗೋಡೆಗೆ ಆನಿಕೊಂಡಿತ್ತು. ಕೆಳಗಲ್ಲನ್ನು ಗುರುತಿನ ಮೇಲಿಟ್ಟೆ. ಎದ್ದು ನಿಂತೆ. ಹೊರಟುಬಿಡಬಹುದಾಗಿತ್ತು, ಆದರೆ ಹೊರಡಲಾಗಲಿಲ್ಲ. ಏನೋ ಒಂದು ಮಾತು ಆಡಬೇಕು, ಆ ಮಾತು ಆಡಿ ನಮ್ಮೂರಲ್ಲಿ ಯಾರಿಗೂ ರೂಢಿಯಿಲ್ಲ.

"ನಾನೇ ಒಯ್ದಿದ್ದೆ ಅಕ್ಕಾ," ಅಂದೆ. "ತಪ್ಪಾತು."

"ಗೊತ್ತದ," ಅಂದಳು. "ಅಟ್ಟದ ಮ್ಯಾಲ ಕುಂತು ನೋಡಿದ್ದೆ. ಮೇಲ್ಗಲ್ಲು ಒಯ್ದು, ಕೆಳಗಲ್ಲಿಗೆ ತಿರುಗಿ ಬಂದಾಗ ನಿನ್ನ ಬೆನ್ನು ಹಿಡಕೊಂಡಿತ್ತು. ಬಿಟ್ಟು ಹೋಗ್ತಾನೇನೋ ಅಂದುಕೊಂಡೆ. ಬಿಡಲಿಲ್ಲ ನೀ."

"ಕಲ್ಲು ಒಳಗ ಹಾಕಿ ಇಷ್ಟು ದಿನ ನಿನ್ನ ಠಾಣೇದಾಗ ಕುಂದರಿಸಿದ್ವಿ."

"ಕಲ್ಲು ಬರ್ತಿತ್ತೋ ತಮ್ಮಾ. ನಿಮ್ಮ ಗ್ವಾಡಿ ಎಷ್ಟು ದಿನ ತಡೀತಿತ್ತು? ನಾ ಅಲ್ಲಿ ಕುಂತದ್ದು ಕಲ್ಲಿಗಲ್ಲ." ಆಕೆ ಮೇಲ್ಗಲ್ಲಿನ ಒಂದು ಕಡೆ ಹಿಡಿದು ನನಗೆ ಇನ್ನೊಂದು ಕಡೆ ಹಿಡಿಯಲು ಸನ್ನೆ ಮಾಡಿದಳು. "ಈ ಮನ್ಯಾಗಿಂದ ಹೋದದ್ದು ಎಲ್ಲಾ ಬಂತು. ಪರಾತ ಬಂತು, ಕೌದಿ ಬಂತು, ಗಡಿಯಾರ ಬಂತು. ಕ್ಯಾಲೆಂಡರ್ ಸೈತ ಬಂತು. ಬಾಗಲ ತಗದು ತಗದು ಸಾಕಾತು. ಒಯ್ದವರು ಒಬ್ಬರೂ ಬರಲಿಲ್ಲ."

ಇಬ್ಬರೂ ಕೂಡಿ ಮೇಲ್ಗಲ್ಲನ್ನು ಎತ್ತಿ ಕೆಳಗಲ್ಲಿನ ಮೇಲೆ ಕೂರಿಸಿದೆವು. ಆಕೆ ಒಂದು ಬದಿಗೆ ಕಾಲು ಚಾಚಿ ಕುಳಿತು, ಎದುರು ಬದಿಗೆ ನನ್ನನ್ನು ಕೂರಲು ಹೇಳಿದಳು. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಜೋಳ ತೂತಿಗೆ ಹಾಕಿದಳು. ಗೂಟಕ್ಕೆ ಆಕೆಯ ಒಂದು ಕೈ, ನನ್ನ ಒಂದು ಕೈ. ಸಮವಸ್ತ್ರದ ಪ್ಯಾಂಟು ಬಿಗಿದು ಕೂರಲಾಗುತ್ತಿರಲಿಲ್ಲ, ಅಳುವನ್ನು ತಡೆದುಕೊಳ್ಳಲೆಂದೋ ಏನೋ ನಾನು ಗೂಟವನ್ನು ಜೋರಾಗಿ ತಿರುಗಿಸತೊಡಗಿದೆ. ಹಿಟ್ಟು ನಾಲ್ಕೂ ಕಡೆ ಹಾರಿತು.

ತುಂಗಕ್ಕ ನನ್ನ ಕೈಯ ಮೇಲೆ ಮೆಲ್ಲಗೆ ಒಂದು ಪೆಟ್ಟು ಕೊಟ್ಟಳು.

"ಸಾವಕಾಶ ತಿರುವೋ," ಅಂದಳು. "ಇನ್ನ ಅದು ಎಲ್ಲೂ ಹೋಗೂದಿಲ್ಲ."